ನಮ್ಮ ಮಾತಿಗೆ ನಗತಾರ, ನೆರಿಮನಿಯವರಿಗೆ ಹೆದರ್ತಾರ

ಈ ಸಲ ಅಡಗಿ ವಿಷಯ ಅಲ್ಲ, ಟಿವಿ ವಿಷಯ ಬರೀಬೇಕಂತ ಕುಂತೀನಿ. ಮಾವಿನ ಉಪ್ಪಿನಕಾಯಿ ಕೇಳಿದವರು ಸಿಟ್ಟಾಗಬ್ಯಾಡ್ರಿ, ಅದು ಮುಂದಿನ ಸಲ.

ಮೊದಲ ಒಂದು ಮಾತು ಹೇಳಿಬಿಡ್ತೀನಿ. ನಾನು ಟಿವಿ ಬೈಯೋ ಪೈಕಿ ಅಲ್ಲ. ಸಂಜಿ ದೀಪಾ ಹಚ್ಚಿ, ರೊಟ್ಟಿ ಬಡದು ಮುಗಿಸಿದೆ ಅಂದ್ರ ಹತ್ತು ಗಂಟೆತನ ಧಾರಾವಾಹಿ ಬಿಡೂದಿಲ್ಲ. ಧಾರಾವಾಹಿ ನೋಡೋ ಹೆಂಗಸರಿಗೆ ಬುದ್ಧಿ ಇಲ್ಲ ಅನ್ನೋ ಗಂಡಸರು ಐಪಿಎಲ್ ಬಂತಂದ್ರ ಎರಡು ತಿಂಗಳು ಎಲ್ಲಿ ಕುಂತಿರ್ತಾರ ಅನ್ನೋದು ನಿಮಗೂ ಗೊತ್ತೈತಿ. ದಿನಾ ಅದ ಎಮ್ಮಿ, ಅದ ಒಲಿ, ಅದ ಬಟ್ಟಿ. ನಡುವ ಒಂದು ಕತಿ ಬೇಕ ಬೇಕು ಜೀವಕ್ಕ. 1987ರಾಗ ದೂರದರ್ಶನದಾಗ ರಾಮಾಯಣ ಶುರು ಆದಾಗ ನಾನು ಓದೋ ಹುಡುಗಿ. ಇಡೀ ಓಣಿಗೆ ಒಂದ ಟಿವಿ. ಹಿಂದಿ ನಮಗೇನೂ ತಿಳೀತಿದ್ದಿಲ್ಲ. ನಿಜಾಮನ ಕಾಲದಾಗ ಉರ್ದು ಸಾಲಿ ಕಲತ ನಮ್ಮಜ್ಜ ಗ್ವಾಡಿಗೆ ಆನಿಕೊಂಡು ಕುಂತು ಅರ್ಥ ಹೇಳ್ತಿದ್ದ. ರಾಮ ಬಾಣ ಬಿಡೋ ಮುಂದ ಅಜ್ಜಗ ಕೆಮ್ಮು ಬಂದ್ರ ಎಲ್ಲಾರೂ ಅಜ್ಜನ್ನ ಬೈತಿದ್ರು. ಅಂಥಾ ಸುಖ ಕೊಟ್ಟ ಪೆಟ್ಟಿಗಿ ಅದು, ಯಾಕ ಸುಳ್ಳು ಹೇಳಲಿ.

ಆದ್ರ ಇತ್ತೀಚಿಗೆ ಒಂದು ಲೆಕ್ಕಾ ಹಾಕಾಕತ್ತೀನಿ. ಧಾರಾವಾಹಿಯೊಳಗ ನಮ್ಮಂಗ ಮಾತಾಡೋ ಹೆಂಗಸು ಬಂದಳಂದ್ರ ಆಕಿ ಕೈಯಾಗ ಕಸಬರಿಗಿ ಇರ್ತೈತಿ, ಇಲ್ಲಾ ಬಾಯಾಗ ಜಗಳಾ ಇರ್ತೈತಿ. ಗಂಡಸಾದ್ರ ವಾಚಮನ್, ಇಲ್ಲಾ ಕುಡುಕ, ಇಲ್ಲಾ ಊರಿಂದ ಗಂಟು ಹೊತಗೊಂಡು ಬಂದು ಲಿಫ್ಟ್ ಒಳಗ ಸಿಕ್ಕೊಂಡು ಒದರೋ ಮಾವ. ಆವ ಬಾಯಿ ತೆರದ ಕೂಡ್ಲೇ ಹಿಂದ ಢಂವ್ ಢಂವ್ ಅಂತ ನಗೋ ಸಂಗೀತ. ಆವ ಹೇಳಿದ್ದು ನಗೋ ಮಾತೇ ಅಲ್ಲ, "ಊಟ ಆತೇನ್ರಿ" ಅಂದಿರ್ತಾನ ಅಷ್ಟ. ನಾಯಕಿ ಮಾತ್ರ ಯಾವ ಊರಾಕಿ ಆದ್ರೂ ಪುಸ್ತಕದ ಕನ್ನಡ, ಇಲ್ಲಾ ಬೆಂಗಳೂರು ಕನ್ನಡ. ಅಳಾಕ, ಪ್ರೀತಿ ಮಾಡಾಕ, ಡಾಕ್ಟರ್ ಆಗಾಕ ನಮ್ಮ ಮಾತು ಸಾಲೂದಿಲ್ಲಂತ ಕಾಣ್ತೈತಿ.

ಅದೂ ನಮ್ಮ ಮಾತು ಬರೋಬ್ಬರಿ ಆಡಿದ್ರ ನಡದೀತು. ಎಲ್ಲಾದಕ್ಕೂ ಒಂದು "ಐತಿ" ಹಚ್ಚಿ, ಕೊನಿಗೆ ಒಂದು "ರೀ" ಹೊಡದ್ರ ಉತ್ತರ ಕರ್ನಾಟಕ ಆತು ಅಂತ ತಿಳಕೊಂಡಾರ. ಧಾರವಾಡದವರ ಮಾತ ಬ್ಯಾರೆ, ಬೀದರಿನವರದ ಬ್ಯಾರೆ, ನಮ್ಮ ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೀದ ಬ್ಯಾರೆ. ನಾವು 1948ರತನ ನಿಜಾಮನ ಕೈಯಾಗ ಇದ್ದ ಮಂದಿ, ಕನ್ನಡ ರಾಜ್ಯಕ್ಕ ಕೂಡಿದ್ದು 1956ರಾಗ. ಹಿಂಗಾಗಿ ನಮ್ಮ ಬಾಯಾಗ ಜಲ್ದಿ, ಪರೇಶಾನ್ ಎಲ್ಲಾ ಬರ್ತಾವ. ಕಾಲುವೆ ಬಂದ ಮ್ಯಾಲೆ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಮಾಡಿಕೊಂಡ್ರು, ತೆಲುಗೂ ಸೇರಿತು. ಒಂದು ಸಂತಿ ಮಾಡಿ ಬರೋದ್ರಾಗ ಮೂರು ಭಾಷಾ ಆಡ್ತೀವಿ. ಇದು ದಡ್ಡರ ಲಕ್ಷಣ ಏನು?

ನಗಿಸೋದು ತಪ್ಪಲ್ರಿ. ನಾವೂ ನಗೋ ಮಂದಿನ. ಆದ್ರ ಒಬ್ಬರಿಗೆ ಜೀವನಪೂರ್ತಿ ಅದೊಂದ ಪಾತ್ರ ಕೊಟ್ರ ಹೆಂಗ? ವೈಜನಾಥ ಬಿರಾದಾರ ಅವರನ್ನ ನೀವೆಲ್ಲಾ ನೋಡೀರಿ. ಬೀದರ ಜಿಲ್ಲಾದವರು, ಸಣ್ಣ ಮೈಯವರು. ನೂರಾರು ಸಿನಿಮಾದಾಗ ಬರ್ತಾರ. ಒಂದು ನಿಮಿಷ, ಎರಡು ನಿಮಿಷ. ಭಿಕ್ಷುಕ, ಕುಡುಕ, ಯಾರೋ ಹೊಡಿಯೋ ಮನಿಶಾ. ನಕ್ಕು ಮರತು ಬಿಡ್ತಿದ್ದೀವಿ. ಗಿರೀಶ ಕಾಸರವಳ್ಳಿಯವರು "ಕನಸೆಂಬೋ ಕುದುರೆಯನೇರಿ" ಮಾಡುವಾಗ ಅವರನ್ನ ಕರದು ಕುಣಿ ತೋಡೋ ಈರ್ಯಾನ ಪಾತ್ರ ಕೊಟ್ಟರು. ಊರಾಗ ಸಾವು ಆಗೋಕಿಂತ ಮೊದಲ ಕುದುರಿ ಮ್ಯಾಲೆ ಸಿದ್ಧ ಬರೋ ಕನಸು ಬೀಳ್ತೈತಿ ಆ ಈರ್ಯಾಗ. ಒಂದು ಸಲ ಕನಸು ಬೀಳ್ತೈತಿ, ಆದ್ರ ದೊಡ್ಡಮನಿಯವರು ಸಾವನ್ನ ಮುಚ್ಚಿಡ್ತಾರ. ಕನಸ ಸುಳ್ಳಾತು ಅಂತ ಆ ಬಡವ ಕಂಗಾಲಾಗ್ತಾನ. ಹೆಂಡತಿ ಪಾತ್ರ ಉಮಾಶ್ರೀ ಅವರದು. ಅದಕ್ಕ ಕನ್ನಡದ ಉತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಬಿರಾದಾರ ಅವರಿಗೆ 2011ರಾಗ ಸ್ಪೇನ್ ದೇಶದ ಚಿತ್ರೋತ್ಸವದಾಗ ಉತ್ತಮ ನಟ ಅಂತ ಪ್ರಶಸ್ತಿ ಬಂತು. ಆ ಕತಿ ಯಾರದು ಗೊತ್ತೇನು? ನಮ್ಮ ರಾಯಚೂರು ಜಿಲ್ಲಾದ ಅಮರೇಶ ನುಗಡೋಣಿಯವರ "ಸವಾರಿ" ಅನ್ನೋ ಕತಿ.

ಅಂದ್ರ ಆ ಮನಿಶಾ ಮೊದಲಿಂದಾನೂ ಅಂಥಾ ನಟನ. ನಮ್ಮ ಮಂದಿ ಅವರ ಕೈಯಾಗ ಒಡದ ತಟ್ಟಿ ಕೊಟ್ಟು ಭಿಕ್ಷಾ ಬೇಡಾಕ ನಿಂದ್ರಿಸಿದ್ರು, ಅಷ್ಟ ಫರಕ. ನಾನು ಆ ಸಿನಿಮಾ ನೋಡಿ ಎರಡು ದಿನ ಸುಮ್ಮನ ಇದ್ದೆ. ನಮ್ಮ ಮನಿಯವರು ಜ್ವರಾ ಬಂತೇನು ಅಂತ ಕೇಳಿದ್ರು.

ಇತ್ತೀಚಿಗೆ 2024ರಾಗ "ಫೋಟೋ" ಅಂತ ಒಂದು ಸಿನಿಮಾ ಬಂತು. ನಮ್ಮ ರಾಯಚೂರು ಕಡಿ ಹುಡುಗ ಉತ್ಸವ್ ಗೋನವಾರ ಮಾಡಿದ್ದು. ವಿಧಾನಸೌಧದ ಮುಂದ ನಿಂತು ಒಂದು ಫೋಟೋ ತಗಿಸ್ಕೋಬೇಕು ಅನ್ನೋ ಹಳ್ಳಿ ಹುಡುಗ, ಬೆಂಗಳೂರಾಗ ಕೂಲಿ ಮಾಡೋ ಅಪ್ಪ, ಅಷ್ಟರಾಗ 2020ರ ಲಾಕ್‌ಡೌನ್, ನಡಕೋತ ಊರಿಗೆ ಹೊಂಟ ದಾರಿ. ಅದರಾಗ ನಮ್ಮ ಮಾತಿಗೆ ನಗೋ ಸಂಗೀತ ಇಲ್ಲ. ಆ ಲಾಕ್‌ಡೌನ್ ದಿನಗಳು ನಮ್ಮ ತಾಲೂಕಿನವರಿಗೆ ಸಿನಿಮಾ ಅಲ್ಲ, ಯಾರ ಮನ್ಯಾಗ ಯಾರು ನಡಕೋತ ಬಂದ್ರು ಅಂತ ನಿಮ್ಮ ನಿಮ್ಮ ಓಣ್ಯಾಗ ಕೇಳಿದ್ರ ಸಾಕು.

ಇಷ್ಟು ಮನರಂಜನಿ ಮಾತಾತು. ನನಗ ಖರೇ ಹೊಟ್ಟಿ ಉರಿಯೋದು ಸುದ್ದಿ ನೋಡಿದಾಗ.

ನಮ್ಮ ಮನಿ ಆರ್.ಎಚ್. ಕ್ಯಾಂಪಿನ ದಂಡಿಗೆ. ದೂರದ ಊರಾಗ ಇರೋ ನಮ್ಮ ಸೊಸ್ತೇರಿಗೆ, ಬೀಗರಿಗೆ ತಿಳೀಲಿ ಅಂತ ಹೇಳ್ತೀನಿ. ಆರ್.ಎಚ್. ಅಂದ್ರ ರಿಹ್ಯಾಬಿಲಿಟೇಶನ್, ಪುನರ್ವಸತಿ. ಬೆಂಗಳೂರಿನವರು ಕ್ಯಾಂಪ್ ಅಂದ ಕೂಡ್ಲೇ ಡೇರೆ ಹಾಕೊಂಡು ಕುಂತಾರ ಅಂತ ತಿಳಕೊಳ್ತಾರ. ಇಲ್ಲಿ ಕ್ಯಾಂಪ್ ಅಂದ್ರ ಊರ. ಸಾಲಿ ಐತಿ, ಗುಡಿ ಐತಿ, ಭತ್ತದ ಗದ್ದಿ ಅದಾವ. 1971ರ ಬಾಂಗ್ಲಾ ಯುದ್ಧದ ಆಸುಪಾಸಿನ್ಯಾಗ ಪೂರ್ವ ಪಾಕಿಸ್ತಾನದಿಂದ ಜೀವಾ ಉಳಿಸಿಕೊಂಡು ಬಂದ ಹಿಂದೂ ಬಂಗಾಲಿ ಮಂದಿನ್ನ ಸರಕಾರನ ಕರಕೊಂಡು ಬಂದು, ಜಮೀನು ಕೊಟ್ಟು ಕೂಡಿಸಿದ ಊರುಗಳಿವು. ಯಾರೂ ರಾತ್ರಿ ಬೇಲಿ ಹಾರಿ ಸಿಂಧನೂರಿಗೆ ಬಂದವರಲ್ಲ. ಬೇಲಿ ಹಾರಿ ಬರಾಕ ಸಿಂಧನೂರು ಯಾವ ಗಡಿ ಮ್ಯಾಲೂ ಇಲ್ಲ ನೋಡ್ರಿ.

ಟಿವ್ಯಾಗ ಏನ್ ಮಾಡ್ತಾರ? ಎಲ್ಲೋ ಯಾರನ್ನೋ ಹಿಡದ್ರು ಅಂದ್ರ ಸಂಜಿಪೂರ್ತಿ "ಬಾಂಗ್ಲಾ, ಬಾಂಗ್ಲಾ" ಅಂತ ಒದರ್ತಾರ. ಮುಖಕ್ಕ ಕೆಂಪು ಸುತ್ತು ಹಾಕ್ತಾರ. ಗುಡಿಸಲಾ ತೋರಿಸ್ತಾರ, ಲುಂಗಿ ತೋರಿಸ್ತಾರ, ಕುದಿಯೋ ಮೀನಿನ ಗಡಗಿ ತೋರಿಸ್ತಾರ. ಕಳ್ಳ ದಾರೀಲೆ ಬಂದವರನ್ನ ಹಿಡೀಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ, ಅದು ಪೊಲೀಸರ ಕೆಲಸ, ಕೋರ್ಟಿನ ಕೆಲಸ. ಆದ್ರ ಬಾಂಗ್ಲಾ ಅನ್ನೋದು ಒಂದು ಭಾಷಾದ ಹೆಸರೂ ಹೌದು. ನನ್ನ ನೆರಿಮನಿ ದೀದಿ ತನ್ನ ಮೊಮ್ಮಗಳಿಗೆ ಜೋಗುಳ ಹಾಡೋ ಭಾಷಾ ಅದು. ಅದನ್ನ ಬೈಗುಳ ಮಾಡಿ ದಿನಾ ಒಂಬತ್ತು ಗಂಟೆಗೆ ಮನಿಮನಿಗೆ ಕಳಿಸಿದ್ರ, ಆ ದೀದಿ ತನ್ನ ಮನಿ ಟಿವಿ ಮುಂದ ಹೆಂಗ ಕುಂದ್ರಬೇಕು?

ಆ ದೀದಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೈಯಾಗ ಶಂಖದ ಬಿಳಿ ಬಳಿ, ಬೈತಲಿ ತುಂಬ ಸಿಂಧೂರ. ನಾನು ಮದುವ್ಯಾಗಿ ಬಂದಾಗ ಆಕಿ ಮನಿ ಸಾಸಿವಿ ಎಣ್ಣಿ ವಾಸನಿಗೆ ಮೂಗು ಮುಚ್ಚಿಕೊಂಡು ತಿರಗೋ ನನ್ನ ನಾದಿನಿ ಈಗ ಊರಿಗೆ ಬಂದ್ರ ಮೊದಲ ಆಕಿ ಮನಿಗೆ ಹೋಗಿ ಪಾಯಸ ಕುಡದು ಬರ್ತಾಳ. ದೀದಿ ಪುಂಡಿಪಲ್ಯ ನನಗಿಂತ ಚೊಲೋ ಮಾಡ್ತಾಳ, ಹೇಳಿದ್ರ ಉಬ್ಬಿ ಹೋಗ್ತಾಳಂತ ಹೇಳಿಲ್ಲ. ದಸರಾದಾಗ ಅವರ ಕಡಿ ದುರ್ಗಾಪೂಜೆ ಅಂದ್ರ ನಾವು ಬನ್ನಿ ಕೊಟ್ಟು ಅಲ್ಲಿಗೇ ಹೋಗೋದು. ಹೆಂಗಸರೆಲ್ಲಾ ನಾಲಿಗಿ ಆಡಿಸಿ "ಉಲೂಲೂ" ಅಂತ ಮಂಗಳಧ್ವನಿ ಮಾಡ್ತಾರ. ನಾನು ಕಲಿಯಾಕ ಹೋಗಿ ಮೂರು ವರ್ಷ ಆತು, ಇನ್ನೂ ಕೋಳಿ ಕೂಗಿದಂಗ ಬರ್ತೈತಿ.

2024ರ ಆಗಸ್ಟ್ ತಿಂಗಳು ನೆನಪೈತಿಲ್ಲ? 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತಗೊಂಡು ಹೋತು. ಎಡದಂಡಿ ಕಾಲುವೆ ನೀರು ನಂಬಿ ನಾಟಿ ಮಾಡಿದ ನಮ್ಮ ಮಂದಿಗೆ ನಿದ್ದಿ ಇಲ್ಲ. ದೀದಿ ಮನಿ ಗದ್ದಿ ನಮ್ಮ ಗದ್ದಿ ಒಂದ ಕಾಲುವೆ ಮ್ಯಾಲ ಅದಾವ. ಇಬ್ಬರೂ ಕಟ್ಟಿ ಮ್ಯಾಲೆ ಕುಂತು ಹೊಸಾ ಗೇಟು ಕೂಡ್ಸೋತನ ತುಂಗಮ್ಮಗ, ದುರ್ಗಮ್ಮಗ ಇಬ್ಬರಿಗೂ ಹರಕಿ ಹೊತ್ವಿ. ಅದ ತಿಂಗಳದಾಗ ನಮ್ಮ ತಾಲೂಕಿನ ಈ ಕ್ಯಾಂಪುಗಳ ಐದು ಮಂದಿಗೆ ಹೊಸಾ ಕಾಯ್ದೆದಾಗ ಪೌರತ್ವದ ಪತ್ರ ಸಿಕ್ತು. ಕಾಯ್ದೆ ಸರಿ ಐತೋ ಇಲ್ಲೋ ಅನ್ನೋ ವಾದ ದೊಡ್ಡವರದು, ನಾ ಅದಕ್ಕ ಕೈ ಹಾಕೂದಿಲ್ಲ. ನಾನು ಯೋಚನಿ ಮಾಡಿದ್ದು ಇಷ್ಟ: ಐವತ್ತು ವರ್ಷದಿಂದ ಇಲ್ಲೇ ನೀರು ಕುಡದು, ಇಲ್ಲೇ ಭತ್ತ ಬೆಳದು, ಇಲ್ಲೇ ಹೆಣಾ ಸುಟ್ಟ ಊರಾಗ ಇನ್ನೂ ಕಾಗದದ ದಾರಿ ಕಾಯೋ ಮಂದಿ ಅದಾರಂದ್ರ, ಅವರಿಗೆ ಟಿವಿಯ ಒಂದೊಂದು ಒದರಾಟಾನೂ ಎಷ್ಟು ಜೋರಾಗಿ ಕೇಳಿಸಬೇಕು.

ದೀದಿ ಮೊಮ್ಮಗಳು ಹೋದ ವರ್ಷ ಕೆಲಸಕ್ಕ ಬೆಂಗಳೂರಿಗೆ ಹೋದಳು. ಹೋಗೋ ಹಿಂದಿನ ದಿನ ದೀದಿ ಒಂದು ಪ್ಲಾಸ್ಟಿಕ್ ಕವರಿನ್ಯಾಗ ಆಧಾರ್, ರೇಷನ್ ಕಾರ್ಡು, ಅಜ್ಜನ ಹಳೇ ಜಮೀನಿನ ಕಾಗದ, ಎಲ್ಲಾ ಜೆರಾಕ್ಸ್ ಮಾಡಿಸಿ ಕಟ್ಟಿ ಕೊಟ್ಟಳು. ನಾವು ನಮ್ಮ ಮಕ್ಕಳಿಗೆ ಶೇಂಗಾ ಹಿಂಡಿ, ರೊಟ್ಟಿ ಕಟ್ಟತೀವಿ. ಆಕಿ ಹಿಂಡಿನೂ ಕಟ್ಟಿದಳು, ಕಾಗದಾನೂ ಕಟ್ಟಿದಳು.

ಆ ಹುಡುಗಿಗೆ ಅಲ್ಲಿ ಏನಾತು ಕೇಳ್ರಿ. ಇಲ್ಲೇ ಸರಕಾರಿ ಸಾಲ್ಯಾಗ ಕಲತಾಕಿ, ಆಕಿ ಕನ್ನಡ ಅಪ್ಪಟ ನಮ್ಮ ಕನ್ನಡ. ಪಿಜಿ ಒಳಗ ಬಾಯಿ ತೆರದ ಕೂಡ್ಲೇ ಜೊತಿ ಹುಡುಗ್ಯಾರು ನಕ್ಕರು. "ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು" ಅಂತ ಮೊಬೈಲ್ ಹಿಡದ್ರು. ಧಾರಾವಾಹಿ ಕೆಲಸದಾಕಿ ಹೆಸರು ಇಟ್ಟು ಕರದ್ರು. ತಿಂಗಳಾದ ಮ್ಯಾಲೆ ಒಂದು ರಾತ್ರಿ ಅವ್ವನ ಜೋಡಿ ಫೋನಿನ್ಯಾಗ ಬಂಗಾಲಿ ಮಾತಾಡಿದ್ದು ಅವರ ಕಿವಿಗೆ ಬಿತ್ತು. ಅವತ್ತಿಂದ ನಗೋದು ನಿಂತು. ಒಬ್ಬಾಕಿ ತನ್ನ ಪೆಟ್ಟಿಗಿಗೆ ಕೀಲಿ ಹಾಕಿದಳಂತ. ಇನ್ನೊಬ್ಬಾಕಿ ಮೆಲ್ಲಕ "ನೀನು ಬಾಂಗ್ಲಾದವಳಾ" ಅಂತ ಕೇಳಿದಳಂತ.

ಒಂದ ಹುಡುಗಿ, ಒಂದ ಬಾಯಿ. ಕನ್ನಡ ಆಡಿದ್ರ ನಗಿ, ಬಂಗಾಲಿ ಆಡಿದ್ರ ಹೆದರಿಕಿ. ಆ ಪಿಜಿ ಹುಡುಗ್ಯಾರು ಕೆಟ್ಟವರಂತ ನಾನು ಅನ್ನೂದಿಲ್ಲ. ಸಿಂಧನೂರು ಎಲ್ಲೈತಿ ಅಂತಾನೂ ಅವರಿಗೆ ಗೊತ್ತಿದ್ದಿಲ್ಲ. ಅವರಿಗೆ ಗೊತ್ತಿದ್ದದ್ದು ಏಳು ಗಂಟೆ ಧಾರಾವಾಹಿ, ಒಂಬತ್ತು ಗಂಟೆ ಸುದ್ದಿ. ಎರಡೂ ಸೇರಿ ಆ ಹುಡುಗಿ ಹೋಗೋಕಿಂತ ಮೊದಲ ಆಕಿ ಯಾರಂತ ಹೇಳಿಬಿಟ್ಟಿದ್ವು. ಹುಡುಗಿ ಗಟ್ಟಿಗಿತ್ತಿ, ಪಿಜಿ ಬದಲಿಸಿ ಕೆಲಸಾ ಮಾತ್ರ ಬಿಡಲಿಲ್ಲ. ಹೊಸಾ ಪಿಜಿಯೊಳಗ ಊರ ಹೆಸರು ಕೇಳಿದ್ರ "ಸಿಂಧನೂರು" ಅಂತ ಹೇಳಿ ಅಲ್ಲಿಗೇ ನಿಂದ್ರಿಸ್ತಾಳಂತ, ಕ್ಯಾಂಪ್ ಅನ್ನೂದಿಲ್ಲಂತ. ಇದು ಕೇಳಿದಾಗಿಂದ ನನ್ನ ಹೊಟ್ಟ್ಯಾಗ ಏನೋ ಕುಂತಂಗ ಆಗೈತಿ. ಹುಟ್ಟಿದ ಊರಿನ ಹೆಸರು ಅರ್ಧಾ ನುಂಗೋ ಹಂಗ ಒಂದು ಕೂಸಿಗೆ ಯಾಕ ಆಗಬೇಕು?

ಹಂಗಾರ ಟಿವಿ ಬಂದ್ ಮಾಡೋಣೇನು ಅಂತ ನೀವು ಕೇಳಬಹುದು. ನಾ ಅಂತೂ ಮಾಡಾಕಿ ಅಲ್ಲ. ನಮ್ಮ ಮನ್ಯಾಗ ಒಂದು ಕೆಲಸ ಮಾಡೀನಿ: ಕೆಂಪು ಸುತ್ತು ಬಂತಂದ್ರ ರಿಮೋಟ್ ನನ್ನ ಕೈಯಾಗ. ನಮ್ಮ ಮನಿಯವರು ಗೊಣಗ್ತಾರ, ಗೊಣಗಲಿ. ಮೊಮ್ಮಗ "ಯಾಕಜ್ಜಿ" ಅಂದ್ರ, "ದೀದಿ ಅಜ್ಜಿನ್ನ ಬೈಯಾಕತ್ತಾರ, ನಿನಗ ನಡೀತೈತೇನು" ಅಂತೀನಿ. ಆವಗ ದೀದಿ ಅಜ್ಜಿ ಅಂದ್ರ ರಸಗುಲ್ಲಾ. ನಡಿಯೂದಿಲ್ಲ ಅಂತಾನ.

ನನಗ ಬೇಕಾದ ಧಾರಾವಾಹಿ ಒಂದು ಐತಿ. ಬಂಗಲೆ ಬ್ಯಾಡ, ಮೆಟ್ಟಲಾ ಇಳಿಯೋ ಅತ್ತಿ ಬ್ಯಾಡ. ಕಾಲುವೆ ದಂಡಿ ಒಂದು ಊರು. ಎರಡು ಮನಿ, ನಡುವ ಒಂದು ನುಗ್ಗಿ ಗಿಡ. ಒಂದು ಮನ್ಯಾಗ ರೊಟ್ಟಿ, ಒಂದು ಮನ್ಯಾಗ ಮೀನು. ನೀರಿನ ಪಾಳಿಗೆ ಜಗಳ, ಮಕ್ಕಳ ಲಗ್ನಕ್ಕ ಸಾಲ, ಡ್ಯಾಮ್ ತುಂಬಿತೋ ಇಲ್ಲೋ ಅನ್ನೋ ಚಿಂತಿ. ನಾಯಕಿ ನಮ್ಮ ಮಾತಾಡಿಕೋತ ಡಾಕ್ಟರ್ ಆಗ್ಲಿ, ಬ್ಯಾಡ ಅಂದ್ರ ನರ್ಸ ಆಗ್ಲಿ, ಅಕಿ ಅತ್ತಾಗ ನಮಗೂ ಅಳು ಬರ್ಲಿ. ಯಾರಾರ ಮಾಡ್ತಾರೇನು ಅಂತ ಕಾಯಾಕತ್ತೀನಿ.

ದೀದಿಗೆ ಈ ಕತಿ ಹೇಳಿದೆ. ಮೀನು ಉಜ್ಜಿಕೋತ ಎಲ್ಲಾ ಕೇಳಿದಳು. ಕೇಳಿ, "ಅದರಾಗ ಜಗಳಗಂಟಿ ಯಾರು, ನಾನೋ ನೀನೋ?" ಅಂದಳು. ಅದು ಇನ್ನೂ ತೀರ್ಮಾನ ಆಗಿಲ್ಲ.