ಸಸಿ ನೆಡುವ ಕೈಗಳು ಉರುಲನ್ನೂ ತೆಗೆಯಲಿ

ಪ್ರತಿವರ್ಷ ಜೂನ್ 5 ಬಂತೆಂದರೆ ಕೊಡಗಿನ ಕಾಲೇಜುಗಳಲ್ಲಿ ಸಸಿ ನೆಡುವ ಸಂಭ್ರಮ. ಭಾಷಣ, ಘೋಷಣೆ, ಛಾಯಾಚಿತ್ರಗಳು ಮುಗಿದ ಮೇಲೆ ಪರಿಸರದ ನೆನಪಾಗುವುದು ಮರುವರ್ಷದ ಜೂನ್‌ನಲ್ಲಿಯೇ. ಮುಂಗಾರು ಸುರಿದರೆ ತಾನಾಗಿ ಹಸಿರಾಗುವ ಈ ನಾಡಿಗೆ ಸಸಿಗಳಿಗಿಂತ ಹೆಚ್ಚಾಗಿ ಬೇಕಾಗಿರುವುದು, ಉಳಿದಿರುವ ಕಾಡನ್ನೂ ಅದರ ಜೀವಿಗಳನ್ನೂ ವರ್ಷವಿಡೀ ಗಮನಿಸುವ ಕಣ್ಣುಗಳು.

ಭತ್ತ ತೆನೆಗಟ್ಟಿದಾಗಿನಿಂದ ಪುತ್ತರಿಯ ಕೊಯ್ಲಿನವರೆಗೆ ಕಾಡಂಚಿನ ರೈತನಿಗೆ ನಿದ್ರೆಯಿಲ್ಲ. ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಆರು ತಿಂಗಳ ದುಡಿಮೆಯನ್ನು ತುಳಿದುಹಾಕಬಲ್ಲದು. ಈ ಸಂಕಟಕ್ಕೆ ಕೆಲವರು ಕಂಡುಕೊಂಡಿರುವ ಅಗ್ಗದ ಉಪಾಯವೇ ಉರುಲು. ಬೈಕಿನ ಹಳೆಯ ಕ್ಲಚ್ ತಂತಿಯನ್ನು ಕುಣಿಕೆ ಮಾಡಿ ಬೇಲಿಯ ಕಂಡಿಯಲ್ಲಿ ಕಟ್ಟಿದರಾಯಿತು. ಆದರೆ ಉರುಲಿಗೆ ಕಣ್ಣಿಲ್ಲ. ಹಂದಿಗೆಂದು ಒಡ್ಡಿದ ಕುಣಿಕೆಗೆ ಚಿರತೆ, ಹುಲಿ, ಕಡವೆಗಳಷ್ಟೇ ಅಲ್ಲ, ಮನೆಯ ನಾಯಿಯೂ ಕೊರಳೊಡ್ಡುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಮಾಂಸಕ್ಕಿಳಿಯುತ್ತದೆ. ಸಾವು ಬರುವುದು ಗಂಟೆಗಳ, ಕೆಲವೊಮ್ಮೆ ದಿನಗಳ ನರಳಾಟದ ನಂತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉರುಲೊಡ್ಡುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ.

ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸುವ ನಾಡಿದು. ಇಲ್ಲಿನ ಹಿರಿಯರ ಬೇಟೆಯನ್ನು ಇಂದು ಒಪ್ಪದವರೂ, ಅವರು ಮೃಗಕ್ಕೆ ಎದುರಾಗಿ ನಿಲ್ಲುತ್ತಿದ್ದರೆಂಬುದನ್ನು ಒಪ್ಪಬೇಕು. ಉರುಲೊಡ್ಡಿ ಮನೆಯಲ್ಲಿ ಮಲಗುವುದರಲ್ಲಿ ಯಾವ ಪರಂಪರೆಯಿದೆ? ಅಯ್ಯಪ್ಪನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಜನರ ನಾಡಿನಲ್ಲಿ ಜೀವಂತ ನಾಯಿ ತಂತಿಗೆ ಸಿಕ್ಕಿ ಸಾಯುವುದು ಯಾರಿಗೆ ಶೋಭೆ?

ಈ ವಿಷಯದಲ್ಲಿ ಕಾಲೇಜು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಿಂದ ಇದೇ ಮಣ್ಣಿನಲ್ಲಿದೆ. ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆಗಳ ಕಾಲೇಜುಗಳಲ್ಲಿ ಎನ್.ಎಸ್.ಎಸ್. ಘಟಕಗಳಿವೆ. ಶಿಬಿರದ ಒಂದು ದಿನವನ್ನಾದರೂ ಅರಣ್ಯ ಸಿಬ್ಬಂದಿಯ ಜೊತೆ, ತೋಟದ ಮಾಲೀಕರ ಅನುಮತಿ ಪಡೆದು, ಬೇಲಿಯುದ್ದಕ್ಕೂ ನಡೆದು ಉರುಲು ಹುಡುಕಲು ಮೀಸಲಿಡಬೇಕು. ಪ್ರಾಣಿ ಸಿಕ್ಕಿಬಿದ್ದಿದ್ದರೆ ಬಳಿಗೆ ಹೋಗದೆ, ಜನ ಗುಂಪುಗೂಡದಂತೆ ತಡೆದು, ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ಗಾಬರಿಗೊಂಡ ಮೃಗ ತಂತಿ ಕಿತ್ತುಕೊಂಡು ಮೇಲೆರಗಬಹುದು.

ಆದರೆ ರೈತನನ್ನು ಅಪರಾಧಿಯೆಂದು ದೂರುತ್ತಾ ಹೋದವನಿಗೆ ತೋಟದ ಗೇಟು ತೆರೆಯದು. ಬೆಳೆಹಾನಿಗೆ ಸರ್ಕಾರದ ಪರಿಹಾರವಿದ್ದರೂ ಅರ್ಜಿ, ಛಾಯಾಚಿತ್ರ, ಪಹಣಿಗಳ ಓಡಾಟಕ್ಕೆ ಬೇಸತ್ತು ಅನೇಕರು ಕೈಬಿಡುತ್ತಾರೆ. ಜಮ್ಮಾ ಜಮೀನಿನ ಪಹಣಿ ಪಟ್ಟೇದಾರರ ಹೆಸರಿನಲ್ಲಿದ್ದು, ಉಳುವವರು ಬೇರೆಯವರಾಗಿದ್ದರೆ ತೊಡಕು ಇಮ್ಮಡಿ. ಕಂಪ್ಯೂಟರ್ ಬಲ್ಲ ವಿದ್ಯಾರ್ಥಿ ತನ್ನೂರಿನ ಹತ್ತು ಮನೆಗಳ ಅರ್ಜಿ ತುಂಬಿಸಿಕೊಟ್ಟರೆ, ಅದು ನೂರು ಭಿತ್ತಿಪತ್ರಗಳಿಗಿಂತ ಹೆಚ್ಚು ಪ್ರಾಣಿಗಳನ್ನು ಉಳಿಸೀತು. ನಷ್ಟ ಭರ್ತಿಯಾಗುವ ನಂಬಿಕೆಯಿದ್ದಲ್ಲಿ ಉರುಲಿನ ಆಸೆ ತಾನಾಗಿ ಸಡಿಲವಾಗುತ್ತದೆ.

ಇನ್ನು ದೇವರಕಾಡುಗಳು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ 6 ಸಾವಿರ ಹೆಕ್ಟೇರಿಗೂ ಮಿಗಿಲಾಗಿದ್ದ ಅವುಗಳ ವಿಸ್ತೀರ್ಣ 1985ರ ವೇಳೆಗೆ ಎರಡೂವರೆ ಸಾವಿರದ ಆಸುಪಾಸಿಗೆ ಇಳಿದಿತ್ತು. ತೋಟಗಳ ನಡುವೆ ಮಂಗಟ್ಟೆಹಕ್ಕಿ, ಕಾಡುಬೆಕ್ಕುಗಳಿಗೆ ಉಳಿದಿರುವ ಆಸರೆ ಈ ತುಂಡುಗಳೇ. ತಮ್ಮೂರಿನ ದೇವರಕಾಡಿನ ಗಡಿ, ಮರ, ಹಕ್ಕಿಗಳನ್ನು ವಿದ್ಯಾರ್ಥಿಗಳು ವರ್ಷಕ್ಕೆರಡು ಬಾರಿ ದಾಖಲಿಸಿ ಗ್ರಾಮಸಭೆಯ ಮುಂದಿಟ್ಟರೆ ಒತ್ತುವರಿ ಗುಟ್ಟಾಗಿ ಉಳಿಯದು.

ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಸಂವಿಧಾನದ 51ಎ ವಿಧಿ ಹೇಳಿರುವ ಮೂಲಭೂತ ಕರ್ತವ್ಯ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಗಳಿಸುವ ವಿದ್ಯಾರ್ಥಿಗಳು ಈ ಬಾರಿ ಪುತ್ತರಿಗೆ ಮುನ್ನ ತಮ್ಮ ಮನೆಯ ತೋಟದ ಬೇಲಿಯನ್ನೊಮ್ಮೆ ಸುತ್ತಿ ಬರಲಿ. ಅಲ್ಲೊಂದು ತಂತಿ ಸಿಕ್ಕರೆ, ಮಾತು ಮೊದಲು ಶುರುವಾಗಬೇಕಾದದ್ದು ಸ್ವಂತ ಮನೆಯ ಜಗಲಿಯಲ್ಲಿಯೇ.