ನಮ್ಮ ಮನೆಯ ಚಂದ್ರಿ

ನಾಯಿಯು ಒಡೆಯನನ್ನು ನೆಚ್ಚುವುದು, ಬೆಕ್ಕು ಮನೆಯನ್ನು ನೆಚ್ಚುವುದು ಎಂದು ಹಿರಿಯರು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ದಿಟವೆಂಬುದನ್ನು, ಹನ್ನೊಂದು ವರ್ಷ ನಮ್ಮೊಡನಿದ್ದು ತೀರಿಹೋದ ಚಂದ್ರಿಯು ನಮಗೆ ತಿಳಿಸಿಕೊಟ್ಟಳು. ಅವಳ ನೆನಪನ್ನು ವಾಚಕರ ಮುಂದಿಡುವುದಕ್ಕೆ ಮಮತೆಯೊಂದೇ ಕಾರಣವಲ್ಲ. ಕಾಳುಕಡಿ ಕೂಡಿಡುವ ಪ್ರತಿಯೊಬ್ಬ ಗೃಹಸ್ಥನೂ ಅರಿತಿರಬೇಕಾದ ಸಂಗತಿಯೊಂದು ಅವಳ ಕಥೆಯ ಕೊನೆಯಲ್ಲಿದೆ.

ಕಲಬುರಗಿ ಜಿಲ್ಲೆಯ ನಮ್ಮ ತೆಂಗಳಿಯ ಸುತ್ತಣ ನೆಲವು ತೊಗರಿಯ ಸೀಮೆ. ಈ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ಬೆಳೆಯು ಎಳ್ಳಮಾವಾಸ್ಯೆಯ ಆಚೀಚೆ ರಾಶಿಯಾಗಿ ಮನೆ ಸೇರುತ್ತಲೇ, ಅದರ ಬೆನ್ನ ಹಿಂದೆ ಇಲಿಗಳೂ ಬರುವುವು. ಬೆಕ್ಕು ಮನುಷ್ಯನ ಮನೆ ಹೊಕ್ಕುದೂ ಹೀಗೆಯೇ. ಪಶ್ಚಿಮ ಏಷ್ಯದ ಕಾಡುಬೆಕ್ಕು ಕಣಜದ ಇಲಿಗಳನ್ನರಸಿ ಊರ ಬಳಿ ಬಂದು, ಕ್ರಮೇಣ ಒಕ್ಕಲಾಯಿತೆಂದು ವಿದ್ವಾಂಸರು ಹೇಳುವರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲಿಯೇ ಬೆಕ್ಕೊಂದನ್ನು ಹೂಳಿದ್ದ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಚಂದ್ರಿಯೂ ರಾಶಿಯ ಕಾಲದಲ್ಲಿಯೇ, ತೊಗರಿಯ ಚೀಲಗಳ ಸಂದಿಯಲ್ಲಿ ಮರಿಯಾಗಿ ಸಿಕ್ಕವಳು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಬಿದಿಗೆಯ ಚಂದ್ರನಂತಹ ಬಿಳಿಯ ಗೆರೆ.

ಅವಳ ನಡತೆಗಳು ಒಂದಕ್ಕಿಂತ ಒಂದು ವಿಲಕ್ಷಣ. ಬೇಸಗೆಯ ಉರಿಯಲ್ಲಿ ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಹೊಟ್ಟೆಯೂರಿ ಮಲಗುವಳು. ನೆರಳು ಸರಿದಂತೆಲ್ಲ ಒಂದೊಂದು ಕಲ್ಲು ತಾನೂ ಸರಿಯುವಳು. ಅವಳು ಮಲಗಿದ ಕಲ್ಲನ್ನು ನೋಡಿಯೇ ನಮ್ಮ ಅವ್ವನವರು ಹೊತ್ತನ್ನು ಅಳೆಯುತ್ತಿದ್ದರು. ಚಳಿಗಾಲದಲ್ಲಿ ಅವರ ಕೌದಿಯನ್ನೇರಿ, ಕಣ್ಣು ಮುಚ್ಚಿ, ಮುಂಗಾಲುಗಳಿಂದ ಹಿಟ್ಟು ನಾದುವಂತೆ ಬಹಳ ಹೊತ್ತು ನಾದುವಳು. ಮರಿಯಾಗಿದ್ದಾಗ ತಾಯಿಯ ಹಾಲಿಗಾಗಿ ಒತ್ತಿದ ಅಭ್ಯಾಸವು ಬೆಕ್ಕಿಗೆ ಮುಪ್ಪಿನವರೆಗೂ ಉಳಿಯುವುದಂತೆ. ಹಬ್ಬದ ಹೋಳಿಗೆಯ ಚೂರನ್ನು ಇಟ್ಟರೆ ಮೇಲಿನ ತುಪ್ಪವನ್ನಷ್ಟೇ ನೆಕ್ಕಿ, ಹೂರಣವನ್ನು ಹಾಗೆಯೇ ಬಿಡುವಳು. ಇದನ್ನು ನಾವು ಗರ್ವವೆಂದೇ ಎಣಿಸಿದ್ದೆವು; ಬೆಕ್ಕಿನ ನಾಲಗೆಗೆ ಸಿಹಿಯೇ ತಿಳಿಯದೆಂಬುದಕ್ಕೆ ಕಾರಣವನ್ನು ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದರೆಂದು ಆಮೇಲೆ ಓದಿ ನಕ್ಕೆವು.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುವುದೆಂಬ ಮಾತನ್ನು ಅವಳು ಒಂದೇ ಮನೆಯಲ್ಲಿ ನಡೆಸಿದಳು: ಅಟ್ಟ, ಕಟ್ಟಿಗೆಯ ರಾಶಿ, ಹಳೆಯ ಪೆಟ್ಟಿಗೆ, ಕೊನೆಗೆ ಅವ್ವನವರ ಸೀರೆಯ ಗಂಟು. ಎಲ್ಲಕ್ಕಿಂತ ಮಿಗಿಲಾದುದು ಅವಳ ಕಾಣಿಕೆ. ಬೆಳಗಿನ ಜಾವ ಹಿಡಿದ ಇಲಿಯನ್ನು ತಂದು ಅವ್ವನವರ ಚಪ್ಪಲಿಯ ಮೇಲಿಟ್ಟು, ಬಾಗಿಲು ತೆರೆಯುವವರೆಗೂ ಕಾಯುವಳು. “ಬಾಡಿಗಿ ತಂದಾಳ, ನೋಡ್ರಿ” ಎಂದು ಅವರು ನಗುತ್ತಿದ್ದರು. ಮನೆಯನ್ನು ಮಾತ್ರ ನೆಚ್ಚಿದ ಪ್ರಾಣಿಯು ಹೀಗೆ ಒಬ್ಬರನ್ನೇ ಕಾದು ಕುಳಿತಿರುವುದೆ?

ಆ ಬಾಡಿಗೆಯೇ ಅವಳಿಗೆ ಮೃತ್ಯುವಾಯಿತು. ಒಂದು ವರ್ಷ ರಾಶಿಯಾದ ಮೇಲೆ, ಓಣಿಯ ಉಗ್ರಾಣವೊಂದರಲ್ಲಿ ಇಲಿಪಾಷಾಣವನ್ನಿಟ್ಟರು; ನೆರೆಯವರಾರಿಗೂ ಸುದ್ದಿಯಿರಲಿಲ್ಲ. ಕೆಲವು ದಿನಗಳ ಮೇಲೆ ಚಂದ್ರಿಯು ಅನ್ನವನ್ನು ಮುಟ್ಟಲಿಲ್ಲ. ಒಸಡು ಬಿಳಿಚಿ, ಮೂಗಿನಿಂದ ನೆತ್ತರು ಕಾಣಿಸಿತು. ಪಶುವೈದ್ಯರು ಲಕ್ಷಣವನ್ನು ಕೂಡಲೇ ಗುರುತಿಸಿದರಾದರೂ ವೇಳೆ ಮೀರಿತ್ತು. ಅವಳನ್ನು ಹಿತ್ತಲಿನ ಬೇವಿನ ಬುಡದಲ್ಲಿ ಹೂಳಿದೆವು. ಅವ್ವನವರು ಮುಂದೆ ಬಹು ದಿನ, ಬೆಳಗ್ಗೆ ಎದ್ದೊಡನೆ ಚಪ್ಪಲಿಯನ್ನು ಮೆಲ್ಲಗೆ ಸರಿಸಿ ನೋಡಿಯೇ ಮೆಟ್ಟುತ್ತಿದ್ದರು.

ವಿಷವಿಟ್ಟವರ ಮೇಲೆ ನಮಗೆ ಹಗೆಯಿಲ್ಲ; ಬೆಳೆದ ಕಾಳನ್ನು ಕಾಯುವುದು ಎಲ್ಲರಿಗೂ ಅವಶ್ಯ. ಆದರೆ ವಿಷಯವನ್ನು ತಿಳಿದಿರಬೇಕು. ಈಗ ಬಳಕೆಯಲ್ಲಿರುವ ಇಲಿಪಾಷಾಣಗಳಲ್ಲಿ ಹಲವು ನೆತ್ತರು ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವುವು. ತಿಂದ ಇಲಿಯು ಒಡನೆ ಸಾಯದೆ ಕೆಲವು ದಿನ ಮಂಕಾಗಿ ತಿರುಗುವುದು. ಅಂತಹ ಇಲಿಯೇ ಬೆಕ್ಕಿಗೆ ಸುಲಭವಾದ ಬೇಟೆ. ಹೀಗೆ ಇಲಿಯ ಮೈಯಲ್ಲಿಯ ವಿಷವು ಬೆಕ್ಕಿಗೂ, ಗೂಬೆಗೂ ತಗಲಬಹುದು. ಇಲಿಯನ್ನು ತಿಂದು ಬದುಕುವ ಜೀವಗಳೇ ಅಳಿದರೆ, ಮರುವರ್ಷದ ಇಲಿಗಳಿಗೆ ಅಂಜಿಕೆ ಯಾರದು?

ಆದುದರಿಂದ ಮೊದಲು ಬಿಲಗಳನ್ನು ಕಲ್ಲುಗಾರೆಯಿಂದ ಮುಚ್ಚಿ, ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಪೇರಿಸಿ, ಬೋನುಗಳನ್ನಿಡುವುದು ಲೇಸು. ವಿಷವಿಡಲೇಬೇಕಾದರೆ ಓಣಿಯವರಿಗೆ ಮುಂಚಿತವಾಗಿ ತಿಳಿಸಿರಿ. ಅದನ್ನು ಮಕ್ಕಳ ಕೈಗೂ ಸಾಕುಪ್ರಾಣಿಗಳ ಬಾಯಿಗೂ ಎಟುಕದಂತೆ ಪೆಟ್ಟಿಗೆಯೊಳಗಿಡಿರಿ. ಸತ್ತ ಇಲಿಗಳನ್ನು ಬರಿಗೈಯಿಂದ ಮುಟ್ಟದೆ ದಿನದಿನವೂ ಆರಿಸಿ ಆಳವಾಗಿ ಹೂಳಿರಿ. ಬೆಕ್ಕು ವಿಷದ ಇಲಿಯನ್ನು ತಿಂದಿತೆಂಬ ಸಂದೇಹ ಬಂದೊಡನೆ, ಲಕ್ಷಣಗಳು ತೋರುವವರೆಗೆ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಿರಿ. ನಾವು ಹೇಳಿದ ಬಗೆಯ ವಿಷಕ್ಕೆ ‘ಕೆ1’ ಜೀವಸತ್ವದ ಚಿಕಿತ್ಸೆಯುಂಟು. ಬೇಗನೆ ದೊರೆತರೆ ಪ್ರಾಣವು ಉಳಿಯಬಹುದು. ವಿಷದ ಹೆಸರಿರುವ ಪೊಟ್ಟಣವನ್ನೂ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ದಾರಿ ತಿಳಿಯುವುದು.

ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ಒಂದು ಮಾತು ಹೇಳಿ ಬರುವುದಕ್ಕೆ ಅರ್ಧ ಗಳಿಗೆಯೂ ಬೇಡ. ಬರುವ ರಾಶಿಯ ಕಾಲಕ್ಕೆ ವಾಚಕರು ಆ ಅರ್ಧ ಗಳಿಗೆಯನ್ನು ಉಳಿಸದಿರಲೆಂದು ಬೇಡುತ್ತೇವೆ.