ಆ ರಾತ್ರಿಯ ಲೆಕ್ಕ ಕೊಡಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಕಾಲಿಗೆ ನಮಸ್ಕರಿಸಿ, ಗುಲಾಬಿ ಬಣ್ಣದ ದಪ್ಪ ಕಾಗದದ ಆಮಂತ್ರಣವೊಂದನ್ನು ಕೈಗಿತ್ತ. ಮಹಿಳೆಯರ ಆರೋಗ್ಯಕ್ಕಾಗಿ ನಿಧಿ ಸಂಗ್ರಹಿಸುವ ಔತಣಕೂಟ, ಕನಕಪುರ ರಸ್ತೆಯ ರೆಸಾರ್ಟ್ ಒಂದರಲ್ಲಿ. "ಸಾರ್, ನಿಮಗೆ ಟಿಕೆಟ್ ಬೇಡ, ನೀವು ನಮ್ಮ ಅತಿಥಿ" ಎಂದ. ಟಿಕೆಟ್ಟಿನ ಬೆಲೆ ನೋಡಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ವರ್ಷವಿಡೀ ಪಾಠ ಹೇಳಿದರೂ ಅಷ್ಟು ಸಂಬಳ ಕೈಗೆ ಬರುತ್ತಿರಲಿಲ್ಲ.

ಹೋದೆ. ಊಟ ಚೆನ್ನಾಗಿತ್ತು, ಇಲ್ಲವೆಂದರೆ ಅನ್ನಕ್ಕೆ ದ್ರೋಹ ಬಗೆದಂತೆ. ಪ್ರತಿ ಮೇಜಿನ ಮೇಲೂ ಚನ್ನಪಟ್ಟಣದ ಬೊಂಬೆ. ರೇಷ್ಮೆ ಸೀರೆಯೊಂದನ್ನು ಹರಾಜು ಹಾಕಿದರು. ಆಮೇಲೆ ದೀಪ ಆರಿಸಿ ಒಂದು ಕಿರುಚಿತ್ರ ತೋರಿಸಿದರು. ರಾಮನಗರದ ಫಿಲೇಚರ್ ಒಂದರಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕುವ ಹೆಂಗಸು, ನೆಂದು ಬಿಳಿಚಿ ಬಿರಿದ ಬೆರಳುಗಳು, ಹಿನ್ನೆಲೆಯಲ್ಲಿ ಪಿಟೀಲು.

ಆ ಮುಖವನ್ನು ನಾನು ಬಲ್ಲೆ. ಒಂಬತ್ತನೆಯ ತರಗತಿ, ಬಿ ವಿಭಾಗ, ಬೀಜಗಣಿತದಲ್ಲಿ ಬಹಳ ಚುರುಕು. ಅರ್ಧವಾರ್ಷಿಕ ಪರೀಕ್ಷೆಯ ಬಳಿಕ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಏಕೆ ಬಿಟ್ಟಳೆಂದು ಮನೆಗೆ ಹೋಗಿ ಕೇಳಲಿಲ್ಲ. ಬೇರೆಯವರನ್ನು ಆಕ್ಷೇಪಿಸಲು ಹೊರಟವನು ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಮರುವಾರ ಆಕೆಯನ್ನು ಹುಡುಕಿಕೊಂಡು ಹೋದೆ. "ಬಂದಿದ್ರು ಸಾ, ಪೋಟೋ ತಕ್ಕಂಡು ಕಾಗ್ದದ ಮೇಲೆ ಸೈನ್ ಮಾಡಿಸ್ಕಂಡ್ರು. ಊಟದ ವಿಷ್ಯ ಯಾರೂ ಹೇಳ್ನಿಲ್ಲ" ಎಂದಳು. ಹಿಂದಿನ ವರ್ಷ ಅದೇ ಸಂಸ್ಥೆಯ ಶಿಬಿರದಲ್ಲಿ ಗರ್ಭಕಂಠದ ತಪಾಸಣೆ ಮಾಡಿಸಿದ್ದಳಂತೆ. ಏನೋ ಸಂಶಯವಿದೆ, ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಇನ್ನೂ ದೇವರ ಪಟದ ಹಿಂದಿತ್ತು. "ಒಂದಿನ ಹೋದ್ರೆ ಕೂಲಿ ಹೋಯ್ತದೆ ಸಾ. ಅಲ್ಲಿ ಎಲ್ಲಿಗೆ ಹೋಗ್ಬೇಕು ಅಂತ್ಲೂ ಗೊತ್ತಿಲ್ಲ. ಜತೇಲಿ ಬರೋರ್ಯಾರು?"

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಗರ್ಭಕಂಠದ ಕ್ಯಾನ್ಸರಿನ ವಿಚಾರದಲ್ಲಿ ಮೂರು ಗುರಿಗಳನ್ನಿಟ್ಟಿತು. 2030ರೊಳಗೆ ಶೇ. 90ರಷ್ಟು ಹೆಣ್ಣುಮಕ್ಕಳಿಗೆ ಲಸಿಕೆ, ಶೇ. 70ರಷ್ಟು ಮಹಿಳೆಯರಿಗೆ ತಪಾಸಣೆ, ರೋಗ ಕಂಡುಬಂದವರಲ್ಲಿ ಶೇ. 90ರಷ್ಟು ಮಂದಿಗೆ ಚಿಕಿತ್ಸೆ. ನಮ್ಮ ಶಿಬಿರಗಳು ಎರಡನೆಯದರಲ್ಲೇ ನಿಂತುಬಿಡುತ್ತವೆ. ಶಿಬಿರಕ್ಕೆ ಬ್ಯಾನರು ಕಟ್ಟಬಹುದು. ಬಸ್ ಚಾರ್ಜಿಗೂ ಕಳೆದುಹೋದ ಕೂಲಿಗೂ ಯಾರು ಬ್ಯಾನರು ಕಟ್ಟುತ್ತಾರೆ? ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಗುರುತಿಸಿದರೆ ಅದೇ ದಿನ ಮನೆಗೆ ಮರಳಬಹುದಾದ ಸಣ್ಣ ಚಿಕಿತ್ಸೆಯಿಂದಲೇ ಅದನ್ನು ತಡೆಯಲು ಸಾಧ್ಯ. ತಪಾಸಣೆ ಮಾಡಿ ಕೈಬಿಡುವುದೆಂದರೆ ಭಯವನ್ನು ಮಾತ್ರ ಕೊಟ್ಟು ಹೋಗುವುದು. ಆ ಹೆಂಗಸು ಒಂದು ವರ್ಷ ಆ ಭಯದೊಂದಿಗೆ ಬಾಳಿದ್ದಾಳೆ.

ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಇಎಸ್‌ಐ ಕಡ್ಡಾಯವಲ್ಲ. ಅವಳ ಫಿಲೇಚರಿನಲ್ಲಿರುವವರು ಆರು ಜನ. ಜತೆಗೆ ಹೋಗಬಲ್ಲವರು ಆಶಾ ಕಾರ್ಯಕರ್ತೆಯರು, ಆದರೆ ಅವರೇ ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಿದ್ದರು. (ಅದೇ ವರ್ಷ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂತು. ಬೆಂಗಳೂರು ಹೆಸರಿನಲ್ಲಿ ಹತ್ತಿರ ಬಂದಿದೆ, ಅಷ್ಟೆ.)

"ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು?" ಎಂದು ಶಿಷ್ಯನನ್ನು ಕೇಳಿದೆ. "ಸಾರ್, ಜಾಗೃತಿ ಮೂಡಿತಲ್ಲ" ಎಂದ. ಗಣಿತದ ಮೇಷ್ಟ್ರಿಗೆ ಇದು ಉತ್ತರವಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಆಡಳಿತ ವೆಚ್ಚವು ಶೇ. 5ನ್ನು ಮೀರಬಾರದೆಂದು 2021ರ ನಿಯಮ ಹೇಳುತ್ತದೆ. ಟಿಕೆಟ್ ಮಾರಿ ನಡೆಸುವ ಔತಣಕ್ಕೆ ಆ ನಿಯಮ ಅನ್ವಯಿಸದು. ನಮ್ಮ ಮಾಗಡಿ ಕಡೆಯ ಹಳ್ಳಿಯಲ್ಲಿ ಮಾರಮ್ಮನ ಹಬ್ಬ ಮುಗಿದ ಮರುದಿನ ಅರಳಿಕಟ್ಟೆಯ ಮೇಲೆ ಕುಳಿತು ಚಂದಾ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ತೆಂಗಿನಕಾಯಿ ತಪ್ಪಿದರೂ ಜಗಳ. ದೇವಿಯ ಹೆಸರಿನಲ್ಲಿ ಎತ್ತಿದ ಹಣಕ್ಕೆ ಇದ್ದ ಅಂಜಿಕೆ ಹೆಂಗಸರ ಹೆಸರಿನಲ್ಲಿ ಎತ್ತಿದ ಹಣಕ್ಕೆ ಬೇಡವೇ?

ಏನೂ ಕೊಡದವರಿಗಿಂತ ಇವರು ಮೇಲಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಮೇಲೇ. ಕೊಡದವರನ್ನು ಲೆಕ್ಕ ಕೇಳಲು ನನಗೇನು ಹಕ್ಕಿದೆ? ಕೊಡುವ ಮನಸ್ಸುಳ್ಳವರು, ಅದರಲ್ಲೂ ನನ್ನ ಕೈಯಲ್ಲಿ ಕೂಡುವುದು ಕಳೆಯುವುದು ಕಲಿತವರು, ಎಂಬ ಸಲಿಗೆಯಿಂದ ಕೇಳುತ್ತಿದ್ದೇನೆ. ಮುಂದಿನ ವರ್ಷದ ಆಮಂತ್ರಣದ ಹಿಂಬದಿಯಲ್ಲಿ ಈ ವರ್ಷದ ಲೆಕ್ಕ ಅಚ್ಚಾಗಲಿ: ಬಂದದ್ದು, ಔತಣಕ್ಕೆ ಹೋದದ್ದು, ತಪಾಸಣೆಯಾದವರು, ಚಿಕಿತ್ಸೆ ಮುಗಿಸಿದವರು. ಪರದೆಯ ಮೇಲೆ ತೋರಿಸಿದವರಿಗೆ ಮೇಜಿನ ಬಳಿಯೂ ಒಂದು ಕುರ್ಚಿ ಇರಲಿ.

ಆ ಶಿಷ್ಯ ಇದನ್ನು ಓದುತ್ತಾನೆಂದು ಬಲ್ಲೆ. ಬೇಸರವಾದರೆ ಮನೆಗೆ ಬಂದು ಜಗಳವಾಡಲಿ, ಕಾಫಿ ಕೊಡುತ್ತೇನೆ. ಆದರೆ ಮಂಗಳವಾರ ಬೇಡ. ಅಂದು ನಾನೂ ನಿಮ್ಮ ಅಮ್ಮಾವ್ರೂ ಆ ಚೀಟಿ ಹಿಡಿದುಕೊಂಡು, ಆಕೆಯನ್ನು ಕರೆದುಕೊಂಡು, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟಿದ್ದೇವೆ.